ಕೆಂಚಿ ಕೆಟ್ಟ ವರ್ಷ

ಮೊನ್ನೆ ಹೊಸಪೇಟೆಯ ಒಂದು ಗ್ಯಾರೇಜಿನ ಮುಂದೆ ಸ್ಕೂಟರಿಗೆ ಗಾಳಿ ಹಾಕಿಸಲು ನಿಂತಿದ್ದೆ. ಒಳಗೆ ಯಾರದೋ ಕಾರಿನ ಇಂಜಿನ್ ಬಿಚ್ಚಿ ಹರವಿದ್ದರು. ಸುಟ್ಟ ಆಯಿಲಿನ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಗಾಳಿ ಹಾಕಿಸಿಕೊಂಡವಳು ಸುಮ್ಮನೆ ಹೊರಡಬೇಕು ತಾನೇ? ಹೊರಡಲಿಲ್ಲ. ಆ ವಾಸನೆಗೂ ನನಗೂ ಹಳೆಯ ಜಗಳವಿದೆ. ಒಂದು ಚಳಿಗಾಲ ಪೂರ್ತಿ ಅದು ನನ್ನ ಸೀರೆಯ ಸೆರಗಿನಲ್ಲಿತ್ತು, ಊಟದ ಡಬ್ಬಿಯ ಚೀಲದಲ್ಲಿತ್ತು, ಹಾಳಾದ್ದು ನಿದ್ದೆಯಲ್ಲೂ ಇತ್ತು.

ಆ ವರ್ಷ ನಾವು ಮೂವರು ಮೇಡಂಗಳು ಸೇರಿ ಒಂದು ಕಾರು ಇಟ್ಟುಕೊಂಡಿದ್ದೆವು. ಗಂಡಂದಿರದ್ದಲ್ಲ, ಅಪ್ಪಂದಿರದ್ದಲ್ಲ, ನಮ್ಮದೇ, ಮೂರು ಪಾಲಿನದು. ನಾನು ವಿಜ್ಞಾನ, ವಿಜಯ ಹಿಂದಿ, ಸುಜಾತ ಗಣಿತ. ಮೂವರ ಮನೆಯೂ ಹೊಸಪೇಟೆಯಲ್ಲಿ. ಶಾಲೆ ಮಾತ್ರ ಸಂಡೂರು ತಾಲೂಕಿನ ಮೂಲೆಯ ಹಳ್ಳಿಯಲ್ಲಿ, ಚೋರನೂರಿಗಿಂತ ಆಚೆ. ಹಳ್ಳಿಯ ಹೆಸರು ಬೇಡ. ಅಲ್ಲಿಯ ಹುಡುಗರು ಈಗಲೂ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ನನ್ನ ಚೀಲ ಹಿಡಿದುಕೊಳ್ಳಲು ಓಡಿ ಬರುತ್ತಾರೆ.

ಕಾರು ಎರಡು ಕೈ ದಾಟಿ ಬಂದ ಬಿಳಿ ಡೀಸೆಲ್ ಗಾಡಿ. ಬಿಳಿ ಅನ್ನುವುದು ಕಾಗದದ ಮೇಲಷ್ಟೇ. ಸಂಡೂರಿನ ಅದಿರು ಲಾರಿಗಳ ಹಿಂದೆ ಒಂದು ವಾರ ಓಡಾಡಿದರೆ ಯಾವ ಬಿಳಿ ಉಳಿಯುತ್ತದೆ? ಅದಕ್ಕೆ 'ಕೆಂಚಿ' ಎಂದು ಹೆಸರಿಟ್ಟವಳು ನಾನು. ಓಡಿಸುವವಳು ಸುಜಾತ. ಮೂವರಲ್ಲಿ ಲೈಸೆನ್ಸ್ ಇದ್ದದ್ದು ಅವಳಿಗೊಬ್ಬಳಿಗೇ, ಹಾಗಾಗಿ ಗಾಡಿಯೂ ಅವಳ ಹೆಸರಿನಲ್ಲೇ. ನನಗೂ ಕಲಿಸುತ್ತೇನೆಂದು ಒಂದು ಭಾನುವಾರ ಹಂಪಿ ರಸ್ತೆಗೆ ಕರೆದೊಯ್ದಿದ್ದಳು. ಕಮಲಾಪುರದ ತಿರುವಿನಲ್ಲಿ ನಾನು ಒಂದು ಎಮ್ಮೆಗೆ ಹಾರನ್ ಹೊಡೆಯುವ ಬದಲು ವೈಪರ್ ಹಾಕಿದೆ. ಅಲ್ಲಿಗೆ ನನ್ನ ಡ್ರೈವಿಂಗ್ ಮುಗಿಯಿತು.

ಸುಜಾತಳ ಅಪ್ಪ ಪಾಪಿನಾಯಕನಹಳ್ಳಿಯ ಕಡೆ ಹೊಲದ ಕೂಲಿ ಮಾಡಿ ಮಗಳನ್ನು ಓದಿಸಿದವರು. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಒಂದೇ. ವಿಜಯ ಕಂಪ್ಲಿಯ ರೈಸ್ ಮಿಲ್ಲಿನವರ ಮಗಳು, ಬೆಳಿಗ್ಗೆ ಲಿಂಗಪೂಜೆ ಆಗದೆ ಚಹಾ ಮುಟ್ಟದವಳು. ಬಾಯಿ ಜೋರು, ಕೈ ಧಾರಾಳ. ತವರಿನಿಂದ ಅಕ್ಕಿ ಬಂದರೆ ಮೂರು ಮನೆಗೂ ಸಮನಾಗಿ ಹಂಚುತ್ತಿದ್ದಳು. ನಮಗೆ ಹೊಟ್ಟೆ ಹುಣ್ಣಾಗುವಷ್ಟು ನಗಲು ದಾರಿಯುದ್ದಕ್ಕೂ ಏನಾದರೂ ಸಿಗುತ್ತಿತ್ತು.

ಒಂದು ವಿಷಯ ಮಾತ್ರ ಆ ಕಾರಿನಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆ ಹಳ್ಳಿಗೆ ವರ್ಗವಾಗಿ ಮೊದಲು ಬಂದವಳು ಸುಜಾತ. ಬಂದ ಹೊಸತರಲ್ಲಿ ಊರಲ್ಲೇ ಇರೋಣವೆಂದು ಬಾಡಿಗೆ ಮನೆ ಹುಡುಕಿದ್ದಳು. ಮೇಡಂ ಅಂತ ಕುರ್ಚಿ ಹಾಕಿ ಕೂರಿಸಿ, 'ನಿಮ್ಮದು ಯಾವ ಮಂದಿ' ಎಂದು ಕೇಳಿ, ಆಮೇಲೆ 'ಮಗಳ ಬಾಣಂತನ ಐತಿ, ಮನಿ ಖಾಲಿ ಇಲ್ಲ' ಎಂದಿದ್ದರು. ಎಲ್ಲ ಮನೆಯಲ್ಲೂ ಒಂದೊಂದು ಬಾಣಂತನ. ವಿಜಯ ರಜೆ ಹಾಕಿದ್ದ ಒಂದು ದಿನ ಸುಜಾತ ಇದನ್ನು ನನಗೆ ಹೇಳಿದಳು. ಹೇಳಿ, "ಗಿರಿಜಕ್ಕಾ, ವಿಜಯಕ್ಕಗ ಗೊತ್ತಾಗೂದು ಬ್ಯಾಡ್ರಿ" ಎಂದು ಮಾತು ತೆಗೆದುಕೊಂಡಳು. ಮಾತು ಹೊಟ್ಟೆಯಲ್ಲಿಟ್ಟುಕೊಳ್ಳುವುದು ನನ್ನ ಜಾಯಮಾನವಲ್ಲ. ಆದರೂ ಇಟ್ಟುಕೊಂಡೆ. ವಿಜಯ ಮಾತ್ರ ಸುಜಾತಳಿಗೆ ಹಳ್ಳಿ ಒಗ್ಗುವುದಿಲ್ಲ, ಪೇಟೆಯ ಹುಚ್ಚು ಎಂದೇ ತಿಳಿದಿದ್ದಳು. ಕೆಲವರಿಗೆ ಕೆಲವು ಸಂಗತಿ ಗೊತ್ತಾಗದೆ ಇರುವುದೂ ಒಂದು ಅನುಕೂಲ.

ಆ ಸಲ ದಸರೆಗೆ ವಿಜಯ ಹಟ ಹಿಡಿದಳು. ಆಯುಧ ಪೂಜೆಗೆ ಕೆಂಚಿಯನ್ನು ಕಂಪ್ಲಿಗೆ ಒಯ್ಯಬೇಕು, ಮಿಲ್ಲಿನ ಎಲ್ಲ ಯಂತ್ರ, ಲಾರಿ, ಟ್ರ್ಯಾಕ್ಟರಿನ ಸಾಲಿನಲ್ಲಿ ನಿಲ್ಲಿಸಿ ಪೂಜೆ ಆಗಬೇಕು. ಸುಜಾತಳ ಮನೆಯಲ್ಲಿ ಈ ಪೂಜೆ ಇಲ್ಲ. ದಸರೆಯ ಹೊತ್ತಿಗೆ ಅವರು ಬಿಳಿ ಬಟ್ಟೆ ಉಟ್ಟು ಬೌದ್ಧ ದೀಕ್ಷೆಯ ದಿನದ ಸಭೆಗೆ ಹೋಗುತ್ತಾರೆ. ಆದರೂ, "ತಗೊಂಡು ಹೋಗ್ರಿ ಅಕ್ಕಾ, ನಿಮ್ಮ ಖುಷಿ" ಎಂದು ಕೀಲಿ ಕೊಟ್ಟಳು. ಮಿಲ್ಲಿನ ಡ್ರೈವರ್ ಬಂದು ಒಯ್ದ.

ಹಬ್ಬ ಮುಗಿಸಿ ಬಂದ ಕೆಂಚಿಯನ್ನು ನೋಡಿ ನಾನೇ ಬೆರಗಾದೆ. ನಿಜಕ್ಕೂ ಬಿಳಿಯಾಗಿತ್ತು! ಹಣೆಗೆ ವಿಭೂತಿ, ಕುಂಕುಮ, ಚೆಂಡು ಹೂವಿನ ಹಾರ. ಚಕ್ರದ ಸಂದಿಯಲ್ಲೂ ಒಂದು ಕಣ ಕೆಂಪು ಇರಲಿಲ್ಲ.

"ನಮ್ಮ ಹಮಾಲರು ಒಳಗ ಹೊರಗ ತಿಕ್ಕಿ ತೊಳದಾರ. ಮೇಡಂ ಅವರ ಗಾಡಿ ಅಂತ!" ಎಂದಳು ವಿಜಯ, ತಾನೇ ಹೆತ್ತ ಮಗುವಿಗೆ ಎಣ್ಣೆನೀರು ಹಾಕಿಸಿಕೊಂಡು ಬಂದವಳಂತೆ.

ಕಾರ್ತಿಕದ ಹೊತ್ತಿಗೆ ಕೆಂಚಿ ಏರಿನಲ್ಲಿ ಉಬ್ಬಸ ಪಡತೊಡಗಿತು. ಹಿಂದೆ ನೀಲಿ ಹೊಗೆ. ಆಯಿಲ್ ಹಾಕಿದಷ್ಟೂ ಕುಡಿಯುತ್ತಿತ್ತು. "ಚಳಿಗೆ ಹಂಗ ಆಗ್ತೈತಿ" ಎಂದು ವಿಜಯ, "ತೋರಿಸೋಣ್ರಿ" ಎಂದು ಸುಜಾತ, "ರಜಾ ಬರಲಿ" ಎಂದು ನಾನು. ಅಷ್ಟರಲ್ಲಿ ಹೆಡ್ಮಾಸ್ಟರು ಬಾಂಬು ಹಾಕಿದರು. ಹಿಂದಿನ ವರ್ಷ ಹತ್ತನೆಯ ತರಗತಿಯ ಫಲಿತಾಂಶ ನೆಲಕಚ್ಚಿತ್ತು, ಅದರಲ್ಲೂ ಗಣಿತ, ವಿಜ್ಞಾನ, ಹಿಂದಿ. ಆದ್ದರಿಂದ ಸಂಕ್ರಾಂತಿಯಿಂದ ಪರೀಕ್ಷೆಯವರೆಗೆ ದಿನಾ ಬೆಳಿಗ್ಗೆ, ಶಾಲೆ ಶುರುವಾಗುವ ಮೊದಲು, ವಿಶೇಷ ತರಗತಿ. ನಾವು ಮೂವರೂ ತೆಗೆದುಕೊಳ್ಳಬೇಕು. ಹೊಸಪೇಟೆಯಿಂದ ಹೊರಡುವ ಮೊದಲ ಬಸ್ಸು ಹಿಡಿದು, ಸಂಡೂರಿನಲ್ಲಿ ಇಳಿದು, ಇನ್ನೊಂದು ಹತ್ತಿದರೂ ನಾವು ತಲುಪುವುದು ಪ್ರಾರ್ಥನೆಯ ಗಂಟೆಗೆ. ಕಾರಿದ್ದರೆ ಮಾತ್ರ ಸಾಧ್ಯ. ಇಲ್ಲವಾದರೆ ಹಳ್ಳಿಯಲ್ಲೇ ಮನೆ ಹಿಡಿಯಬೇಕು. ಸುಜಾತ ನನ್ನ ಮುಖ ನೋಡಿದಳು. ನಾನು ಹಾಜರಿ ಪುಸ್ತಕ ನೋಡಿದೆ.

ಸಂಕ್ರಾಂತಿಗೆ ಇನ್ನೇನು ವಾರವಿದೆ ಎನ್ನುವಾಗ, ಸಂಡೂರಿಗೆ ಮುಂಚಿನ ಏರಿನಲ್ಲಿ ಕೆಂಚಿ 'ಕಟಕಟ' ಎಂದು ಹಲ್ಲು ಕಡಿದು ನಿಂತೇಬಿಟ್ಟಿತು. ಹಿಂದೆ ಅದಿರು ಲಾರಿಗಳು ಸಾಲುಗಟ್ಟಿ ಹಾರನ್ ಹೊಡೆಯುತ್ತಿದ್ದವು. ಬಾನೆಟ್ಟಿನ ಸಂದಿಯಿಂದ ಹೊಗೆ. ಸುಜಾತ ಸ್ಟೀರಿಂಗ್ ಬಿಡದೆ ಕುಳಿತೇ ಇದ್ದಳು. "ಇಳಿಯೇ ತಾಯಿ, ಬೆಂಕಿಗಿಂಕಿ ಹತ್ತೀತು!" ಎಂದು ನಾನೇ ಕೈಹಿಡಿದು ಎಳೆದೆ.

ಹೊಸಪೇಟೆಯ ಮಾಬುಸಾಬ್ ನಮ್ಮ ಮೆಕ್ಯಾನಿಕ್. ಮಾತಿನ ಮಲ್ಲ, ಹತ್ತು ರೂಪಾಯಿಯ ಕೆಲಸಕ್ಕೆ ನೂರು ಮಾತು. ಎರಡು ದಿನ ಬಿಟ್ಟು ಕರೆದ. ಹೋಗಿ ನೋಡಿದರೆ ಇಂಜಿನ್ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಗಾಳಿ ಒಳಗೆಳೆಯುವ ಕೊಳವೆಯಲ್ಲಿ ಬೆರಳಾಡಿಸಿ ನಮ್ಮ ಮುಂದೆ ಹಿಡಿದ. ಬೆರಳಿನ ತುಂಬ ಆಯಿಲಿನಲ್ಲಿ ಕಲಸಿದ ಕೆಂಪು ರಾಡಿ.

"ಫಿಲ್ಟರ್ ಯಾರು ತೊಳದಾರ್ರಿ?" ಎಂದ.

ಫಿಲ್ಟರನ್ನು ಎತ್ತಿ ಬೆಳಕಿಗೆ ಹಿಡಿದ.

"ಇದು ಕಾಗದದ ಫಿಲ್ಟರ್ ರೀ ಮೇಡಂ. ಗಾಳಿ ಹೊಡಿಬೇಕು, ಇಲ್ಲಾ ಬದಲಿ ಮಾಡಬೇಕು. ಇದನ್ನ ಸೋಪಿನ ನೀರಾಗ ಅದ್ದಿ, ಕಲ್ಲಿಗೆ ಬಡದು, ಬಿಸಿಲಿಗೆ ಒಣಗಿಸ್ಯಾರ. ಮಡಿಕಿ ಮಡಿಕಿ ಹರದೈತಿ ನೋಡ್ರಿ. ಸಂಡೂರಿನ ಧೂಳೆಲ್ಲಾ ಇಂಜಿನ್ನಿಗೆ ಊಟ!"

ವಿಜಯಳ ಮುಖ ಬಿಳಿಚಿಕೊಂಡಿತು. ನನಗೆ ಆಗ ಹೊಳೆಯಿತು. ಕಂಪ್ಲಿಯ ಮಿಲ್ಲಿನಲ್ಲಿ ಆಯುಧ ಪೂಜೆಯ ಹಿಂದಿನ ದಿನ ಬೆಲ್ಟು ಇಳಿಸಿ, ಪ್ರತಿ ಯಂತ್ರದ ಜರಡಿ, ಜಾಳಿಗೆ, ಚೀಲ ಎಲ್ಲ ಬಿಚ್ಚಿ, ತೊಳೆದು, ಭತ್ತ ಒಣಗಿಸುವ ಕಟ್ಟೆಯ ಮೇಲೆ ಸಾಲಾಗಿ ಹರವುತ್ತಾರೆ. ಕೊಳೆಯಿದ್ದ ಯಂತ್ರಕ್ಕೆ ಕುಂಕುಮ ಹಚ್ಚಬಾರದು ಎಂಬುದು ಅವರ ಮನೆಯ ಕಟ್ಟು. ಅದೇ ಭಕ್ತಿಯಿಂದ ನಮ್ಮ ಕೆಂಚಿಯ ಫಿಲ್ಟರನ್ನೂ ತೊಳೆದಿದ್ದರು.

"ನಮ್ಮವರು ಹಂಗ ಮಾಡೂದಿಲ್ಲ. ಗಾಡಿನ ಹಳೇದು" ಎಂದಳು ವಿಜಯ, ಯಾರೂ ಕೇಳದಿದ್ದರೂ.

ಮಾಬುಸಾಬ್ ಎರಡು ದಾರಿ ಹೇಳಿದ. ಪಿಸ್ಟನ್, ರಿಂಗು ಎಲ್ಲ ಹೊಸದು ಹಾಕಿ, ಬೋರ್ ಮಾಡಿಸಿ ಇಂಜಿನ್ ಪೂರ್ತಿ ಕಟ್ಟಬೇಕು. ಸಾಮಾನು ಹುಬ್ಬಳ್ಳಿಯಿಂದ ಬರಬೇಕು. ಅದು ಬೇಡವೆಂದರೆ ಹಾಗೇ ಮಾರಬೇಕು. ಗಂಗಾವತಿಯ ಒಬ್ಬ ಗಿರಾಕಿ ಬಿಡಿಭಾಗಕ್ಕೆಂದು ಕೇಳಿದ್ದಾನೆ, ಶನಿವಾರ ಬರುತ್ತಾನೆ, ಅಷ್ಟರಲ್ಲಿ ಹೇಳಿ ಎಂದ. ಕಟ್ಟುವ ಖರ್ಚನ್ನೂ ಹೇಳಿದ. ಗಾಡಿಯ ಬೆಲೆಯೇ ಅದಕ್ಕಿಂತ ಕಡಿಮೆ.

ಆ ವಾರ ನಾವು ಮೂವರೂ ಬಸ್ಸಿನಲ್ಲಿ ಒಬ್ಬರ ಪಕ್ಕ ಒಬ್ಬರು ಕುಳಿತು ಜಗಳಾಡಿದೆವು.

"ಮಾರಿ ಕೈ ತೊಳಕೊಳ್ಳೋಣ. ಸತ್ತ ಎಮ್ಮಿಗೆ ಹಿಂಡಿ ಹಾಕೂದು ಯಾಕ?" ಇದು ವಿಜಯ.

"ಕಟ್ಟಸೋಣ್ರಿ ಅಕ್ಕಾ. ನನ್ನ ಪಾಲು ನಾನು ಹೆಂಗರ ಮಾಡಿ ಹಾಕ್ತೀನಿ. ಬೇಕಾದ್ರ ಜಾಸ್ತಿನ ಹಾಕ್ತೀನಿ" ಇದು ಸುಜಾತ.

"ಯಾಕಷ್ಟು ಹಟ ಮಾಡ್ತೀಯೇ? ಒಂದು ಕಾರಣನರ ಹೇಳು!"

ಸುಜಾತ ಕಿಟಕಿಯ ಆಚೆ ನೋಡುತ್ತಿದ್ದಳು. ಕಾರಣ ನನಗೆ ಗೊತ್ತಿತ್ತು. ವಿಜಯಳಿಗೂ ಒಂದು ಕಾರಣವಿತ್ತು, ಅದನ್ನೂ ಬಲ್ಲೆ. ಇಂಜಿನ್ ಕಟ್ಟಿಸಿದರೆ ದಿನಾ ಆ ಕಾರಿನಲ್ಲಿ ಕೂರಬೇಕು, ಕುಳಿತಾಗಲೆಲ್ಲ ತವರಿನವರು ಮಾಡಿದ ಎಡವಟ್ಟು ನೆನಪಾಗುತ್ತದೆ. ಮಾರಿದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಇಬ್ಬರೂ ನನ್ನ ಕಡೆ ತಿರುಗಿ, "ನೀ ಏನಂತಿ", "ನೀವೇನಂತೀರಿ" ಎಂದರು. ಒಬ್ಬಳು ಹಗ್ಗದ ಈ ತುದಿ, ಇನ್ನೊಬ್ಬಳು ಆ ತುದಿ, ನಡುವೆ ನನ್ನ ಕುತ್ತಿಗೆ. "ಸುಮ್ಮನಿರ್ರೇ, ತಲಿ ಚಿಟ್ಟು ಹಿಡದೈತಿ" ಎಂದು ರೇಗಿದೆ. ಹಿಂದಿನ ಸೀಟಿನ ಅಜ್ಜ ಎದ್ದು ಬೇರೆ ಕಡೆ ಹೋಗಿ ಕುಳಿತ.

ಗುರುವಾರ ಶಾಲೆ ಬಿಟ್ಟ ಮೇಲೆ ವಿಜಯ ಸಡಗರದಿಂದ ಬಂದಳು. "ಕಾರು ಬ್ಯಾಡ, ಜಗಳಾನೂ ಬ್ಯಾಡ. ಮನಿ ಸಿಕ್ಕೈತಿ! ಗುರಮ್ಮನವರ ಹಿತ್ತಲ ಮನಿ. ಪರೀಕ್ಷಾ ಮುಗಿಯೂತನಕ ಮೂವರೂ ಇಲ್ಲೇ ಇರೋಣ. ಬೆಳಿಗ್ಗೆ ಕ್ಲಾಸು, ರಾತ್ರಿ ಬಿಸಿ ರೊಟ್ಟಿ. ನಡೀರಿ, ಕಾಯ್ತಾರ."

ಗುರಮ್ಮ ಊರಿನ ದೊಡ್ಡ ಮನೆಯವರು. ಅವರ ಮೊಮ್ಮಗ ನಮ್ಮ ಹತ್ತನೆಯ ತರಗತಿಯಲ್ಲೇ ಇದ್ದ. ಸುಜಾತ ಬರುವುದಿಲ್ಲ ಎಂದಳು. ತಲೆನೋವು ಎಂದಳು. ವಿಜಯ ಕೇಳಬೇಕಲ್ಲ! ರಟ್ಟೆ ಹಿಡಿದು ಎಳೆದುಕೊಂಡೇ ನಡೆದಳು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಸುಜಾತ ನನ್ನನ್ನೇ ನೋಡುತ್ತಿದ್ದಳು, ಬೇಡ ಎನ್ನುವಂತೆ. ನಾನು ಅವರ ಹಿಂದೆ ನಡೆದೆ.

ಗುರಮ್ಮ ಒಳ್ಳೆಯವರು, ಅದೇ ಕಷ್ಟ. ನಗುತ್ತ ಚಾಪೆ ಹಾಸಿದರು, "ಕುಂದ್ರಿ ಯವ್ವಾ, ದಣದು ಬಂದೀರಿ" ಎಂದು ಮೂವರಿಗೂ ಮಜ್ಜಿಗೆ ಕೊಟ್ಟರು. ಹಿತ್ತಲ ಮನೆ ತೋರಿಸಿದರು: ಸಾರಿಸಿದ ನೆಲ, ನೀರಿನ ತೊಟ್ಟಿ, ಒಂದು ಕರಿಬೇವಿನ ಗಿಡ. ಕಂಪ್ಲಿಯ ಮಿಲ್ಲಿನವರ ಮಗಳು ಎಂದು ಕೇಳಿ ಖುಷಿಯಾಗಿ ವಿಜಯಳ ಹಣೆಗೆ ಕುಂಕುಮವಿಟ್ಟು ಕೀಲಿಯನ್ನು ಅಂಗೈಯಲ್ಲಿಟ್ಟರು. ಆಮೇಲೆ ನನ್ನ ಮನೆತನ ವಿಚಾರಿಸಿದರು, ಹೇಳಿದೆ. ಆಮೇಲೆ ಸುಜಾತಳ ಕಡೆ ತಿರುಗಿದರು.

ಸುಜಾತ ತಡವರಿಸಲಿಲ್ಲ. ಅಪ್ಪನ ಹೆಸರು ಹೇಳಿದಳು, ಕೇರಿ ಹೇಳಿದಳು.

ಗುರಮ್ಮನ ನಗು ಹಾಗೇ ಇತ್ತು, ಕಣ್ಣು ಮಾತ್ರ ಬೇರೆಲ್ಲೋ ಹೋಯಿತು. ವಿಜಯಳ ಹತ್ತಿರ ಸರಿದು, ನಮಗೆಲ್ಲ ಕೇಳುವಷ್ಟು ಮೆಲ್ಲಗೆ, "ನೀವಿಬ್ರು ಇರ್ರಿ ಯವ್ವಾ, ನಿಮ್ಮ ಮನಿ ಇದ್ದಂಗ. ಅವರಿಗೆ... ಒಳಗ ದೇವರಮನಿ ಐತಿ ನೋಡ್ರಿ. ನನಗೇನಿಲ್ಲ, ಮಂದಿ ಅಂತಾರ" ಎಂದರು.

ನಾನು ವಿಜಯಳನ್ನು ನೋಡಿದೆ. ಬಸ್ ಕಂಡಕ್ಟರನನ್ನೂ ಬೈದು ನೀರಿಳಿಸುವ ಬಾಯಿ ಅದು. ಈಗ ಬೈಯುತ್ತಾಳೆ, ಈಗ ಕೀಲಿ ಬಿಸಾಡುತ್ತಾಳೆ ಎಂದು ಕಾದೆ. ಅವಳು ಅಂಗೈಯ ಕೀಲಿಯನ್ನೇ ನೋಡುತ್ತ, "ಹೂಂ... ವಿಚಾರ ಮಾಡಿ ಹೇಳ್ತೀವ್ರಿ" ಎಂದು ತೊದಲಿ, ಅದನ್ನು ಕಿಟಕಿಯ ಮೇಲಿಟ್ಟು ಹೊರಗೆ ಬಂದಳು. ನಾನೂ ಬಂದೆ. ನಾನೇನು ದೊಡ್ಡ ಶೂರೆಯೇ? ಸುಜಾತ ಮಾತ್ರ ಗುರಮ್ಮನಿಗೆ "ಬರ್ತೀನ್ರಿ" ಎಂದು ಕೈಮುಗಿದು, ನಿಧಾನವಾಗಿ ಚಪ್ಪಲಿ ಮೆಟ್ಟಿಕೊಂಡಳು.

ಬಸ್ಸಿನ ಕಟ್ಟೆಯ ಮೇಲೆ ಮೂವರೂ ಕುಳಿತೆವು. ಕಡಲೆ ಕಿತ್ತು ತಂದ ಬಂಡಿಗಳು ಮುಂದೆ ಹಾಯ್ದು ಹೋದವು. ಬಂದ ಹೊಸತರಲ್ಲಿ ಮನೆ ಹುಡುಕಿದ್ದನ್ನೂ, ಅದು ನನಗೆ ಗೊತ್ತಿದ್ದುದನ್ನೂ ಸುಜಾತ ನಾಲ್ಕು ಮಾತಿನಲ್ಲಿ ಹೇಳಿದಳು. ವಿಜಯಳ ಕಣ್ಣಿಂದ ದಳದಳ ನೀರು.

"ನನಗ್ಯಾಕ ಹೇಳಲಿಲ್ಲೇ ಸುಜಾತಾ? ಗಿರಿಜಾಗ ಗೊತ್ತಿತ್ತು, ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಏನ್ ಮಾಡ್ತಿದ್ರಿ ಅಕ್ಕಾ?"

ಕೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವಂತೆ ಕೇಳಿದಳು. ವಿಜಯ ಸೆರಗಿನಿಂದ ಮುಖ ಒರೆಸಿಕೊಂಡು ಫೋನ್ ತೆಗೆದು ಮಾಬುಸಾಬನಿಗೆ ಹಚ್ಚಿದಳು. "ಮಾಬುಸಾಬ್ರ, ಗಾಡಿ ಮಾರೂದಿಲ್ಲ. ಇಂಜಿನ್ ಕಟ್ರಿ. ಎಷ್ಟರ ಆಗಲಿ, ನಾನು..."

ನನಗೆ ಹಾಯೆನಿಸಿತು. ಅಂತೂ ಕಾರು ಉಳಿಯಿತು, ಹುಡುಗಿ ಉಳಿದಳು ಎಂದುಕೊಂಡೆ. ಅಷ್ಟರಲ್ಲಿ ಸುಜಾತ ಕೈಚಾಚಿ ಫೋನ್ ತೆಗೆದುಕೊಂಡಳು. "ಕಟ್ಟಬ್ಯಾಡ್ರಿ ಅಣ್ಣಾ. ಶನಿವಾರ ಗಿರಾಕಿನ ಕರಸ್ರಿ, ಮಾರ್ತೀವಿ" ಎಂದು ಇಟ್ಟಳು.

"ನಿನಗೇನ್ ಹುಚ್ಚು ಹಿಡದೈತೇನೇ?" ನಾನು ಕೂಗಿಯೇ ಬಿಟ್ಟೆ. "ವಾರಪೂರ್ತಿ ಕಟ್ಟಸ್ರಿ ಕಟ್ಟಸ್ರಿ ಅಂತ ಪ್ರಾಣ ತಿಂದಿ!"

"ಅಕ್ಕಾ, ಇವರು ಮನಿ ಕೊಡೂದಿಲ್ಲ ಅಂತ ನನಗ ಹೊಸದಾಗಿ ಗೊತ್ತಾಗಬೇಕೇನ್ರಿ? ಇಲ್ಲ ಅನ್ನಿಸ್ಕೊಂಡು ರೂಢಿ ಆಗೇತಿ. ಆದ್ರ ನಿಮ್ಮಿಬ್ಬರ ಮುಂದ ಅನ್ನಿಸ್ಕೊಳ್ಳೂದು ಬ್ಯಾಡಾಗಿತ್ತು. ಅಷ್ಟಕ್ಕ ಕಾರು ಬೇಕಿತ್ತು ನನಗ." ಬಸ್ಸಿನ ದಾರಿ ನೋಡುತ್ತ, "ಇವತ್ತು ಅದೂ ಆತು. ಇನ್ನ ಮುಚ್ಚಿಡಾಕ ಏನೈತಿ? ಮಾರಿಬಿಡ್ರಿ" ಎಂದಳು.

ನನಗೆಲ್ಲ ಗೊತ್ತಿದೆ ಎಂದು ಮೆರೆಯುತ್ತಿದ್ದವಳು ನಾನು. ಗುಟ್ಟು ಕಾಪಾಡುತ್ತಿದ್ದೇನೆ ಎಂಬ ಜಂಬ ಬೇರೆ. ಅವಳಿಗೆ ಏನು ನೋಯುತ್ತದೆ ಎನ್ನುವುದೇ ನನಗೆ ತಿಳಿದಿರಲಿಲ್ಲ. ಬಸ್ಸು ಬಂತು. ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕುಳಿತೆವು. ಸಂಡೂರಿನವರೆಗೂ ವಿಜಯ ಸುಜಾತಳ ಕೈ ಬಿಡಲಿಲ್ಲ. ಸುಜಾತಳೂ ಬಿಡಿಸಿಕೊಳ್ಳಲಿಲ್ಲ.

ಶನಿವಾರ ಗಂಗಾವತಿಯ ಗಿರಾಕಿ ಬಂದ. ಗಾಡಿಯ ಸುತ್ತ ತಿರುಗಿ, "ಇಷ್ಟು ಚಂದ ಇಟ್ಟೀರಿ, ಇಂಜಿನ್ ಹೆಂಗ ಹೋತು?" ಎಂದ. ಮಾಬುಸಾಬ್ ಏನೋ ಕಥೆ ಕಟ್ಟಲು ಗಂಟಲು ಸರಿಮಾಡಿಕೊಂಡ. ಅವನಿಗಿಂತ ಮೊದಲೇ ವಿಜಯ, "ನಮ್ಮ ಮಿಲ್ಲಿನಾಗ ಪೂಜಿಗೆ ಅಂತ ಫಿಲ್ಟರ್ ತೊಳದು ಕೆಡಿಸಿದಿವ್ರಿ. ಗಾಡಿದು ತಪ್ಪಿಲ್ಲ, ಓಡಿಸಿದಾಕಿದೂ ತಪ್ಪಿಲ್ಲ" ಎಂದಳು. ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಸುಜಾತ ಸಹಿ ಹಾಕಿದಳು. ಕೆಂಚಿಯನ್ನು ಹಗ್ಗ ಕಟ್ಟಿ ಎಳೆದೊಯ್ಯುವಾಗ ನಾನು ಅತ್ತೆ. ಒಂದು ತಗಡಿಗೆ ಇಷ್ಟು ಅಳುವವಳು ನೀನೊಬ್ಬಳೇ ಎಂದು ಇವತ್ತಿಗೂ ನನ್ನ ಗಂಡ ಆಡಿಕೊಳ್ಳುತ್ತಾನೆ.

ಈಗ ಉಳಿದದ್ದು ತರಗತಿಯ ಪ್ರಶ್ನೆ. ಸೋಮವಾರ ನಾವು ಮೂವರೂ ಹೆಡ್ಮಾಸ್ಟರ ಕೋಣೆಗೆ ಹೋಗಿ, ಬೆಳಿಗ್ಗೆ ಆಗುವುದಿಲ್ಲ, ಸಂಜೆ ಶಾಲೆ ಬಿಟ್ಟ ಮೇಲೆ ಕಲಿಸಿ ಕೊನೆಯ ಬಸ್ಸಿಗೆ ಹೋಗುತ್ತೇವೆ ಎಂದೆವು. ಅವರು ತಲೆ ಕೆರೆದುಕೊಂಡರು. ಸುಗ್ಗಿಯ ಕಾಲ. ಸಂಜೆ ಹುಡುಗರು ಹೊಲಕ್ಕೆ ಬೇಕು, ಹತ್ತಿ ಬಿಡಿಸಬೇಕು, ಕಡಲೆ ಕೀಳಬೇಕು, ದನ ಹೊಡೆದುಕೊಂಡು ಬರಬೇಕು. ತಂದೆತಾಯಿ ಒಪ್ಪಬೇಕಲ್ಲ ಎಂದು ಮರುದಿನವೇ ಪಾಲಕರ ಸಭೆ ಕರೆದರು.

ಶಾಲೆಯ ದೊಡ್ಡ ಕೋಣೆ ತುಂಬಿತ್ತು. ಗಂಡಸರು ಬೆಂಚುಗಳ ಮೇಲೆ, ಹೆಂಗಸರು ಗೋಡೆಯ ಬದಿಗೆ. ಗುರಮ್ಮನೂ ಬಂದಿದ್ದರು. ಹೆಡ್ಮಾಸ್ಟರು, "ಮೇಡಂಗಳಿಗೆ ಬಸ್ಸಿನ ತೊಂದರೆ ಇರುವುದರಿಂದ..." ಎಂದು ಶುರು ಮಾಡಿದ್ದೇ ತಡ, ಗದ್ದಲ ಎದ್ದಿತು.

"ಸಂಜಿ ಹುಡುಗ್ರನ್ನ ಬಿಡಾಕ ಆಗೂದಿಲ್ರಿ ಸಾರ್! ಬೆಳಿಗ್ಗೆನ ಇಡ್ರಿ."

"ಪಗಾರ ತಗೊಂತಾರ, ಬೆಳಿಗ್ಗೆ ಬರಾಕೇನ್ ಧಾಡಿ?"

ಮುಂದಿನ ಬೆಂಚಿನ ಒಬ್ಬರು ಎದ್ದು, ತೀರ್ಪು ಹೇಳುವವರಂತೆ, "ಅಷ್ಟು ತ್ರಾಸ ಇದ್ರ ಊರಾಗ ಒಂದು ಮನಿ ಹಿಡೀರಿ ಮೇಡಂ. ಶಾಲಿ ಇಲ್ಲಿ, ನೀವು ಹೊಸಪೇಟ್ಯಾಗ ಇದ್ರ ಹೆಂಗ?" ಎಂದರು. ಹೌದೌದು ಎಂದು ಹಿಂದಿನಿಂದ ದನಿಗಳು.

ವಿಜಯ ಏಳಲು ಹೋದಳು. ಸುಜಾತ ಅವಳ ತೊಡೆಯ ಮೇಲೆ ಕೈಯಿಟ್ಟು ಕೂರಿಸಿ, ತಾನು ಎದ್ದು ನಿಂತಳು.

"ಕೇಳೀನ್ರಿ. ಕೊಡಲಿಲ್ಲ."

"ಅದ್ಯಾರು ಕೊಡಲಿಲ್ಲ ಹೇಳ್ರಿ?" ಆ ಮನುಷ್ಯ ಆವೇಶದಲ್ಲೇ ಕೇಳಿದರು.

ಸುಜಾತ ಗುರಮ್ಮನ ಕಡೆ ನೋಡಲಿಲ್ಲ. ಯಾರ ಹೆಸರನ್ನೂ ಹೇಳಲಿಲ್ಲ. ತಾನು ಯಾರ ಮಗಳು, ಯಾವ ಕೇರಿಯವಳು ಎಂಬುದನ್ನು ಮೊದಲು ಹೇಳಿದಳು, ಮನೆ ತೋರಿಸಿದ ಗುರಮ್ಮನಿಗೆ ಹೇಳಿದ ಹಾಗೆಯೇ. ಆಮೇಲೆ, ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸಿ ತರಗತಿಯನ್ನು ಕೇಳುವ ಅದೇ ದನಿಯಲ್ಲಿ, "ನನಗ ಮನಿ ಕೊಡೋರು ಯಾರಿದ್ದೀರಿ, ಕೈ ಎತ್ರಿ. ನಾಳಿಂದನ ಇಲ್ಲೇ ಇದ್ದು ಬೆಳಿಗ್ಗೆ ಕ್ಲಾಸ್ ತಗೊಂತೀನಿ" ಎಂದಳು.

ಎದ್ದು ನಿಂತಿದ್ದವರು ಕುಳಿತರು. ಗುರಮ್ಮ ಸೆರಗಿನ ಅಂಚು ಸರಿಮಾಡಿಕೊಂಡರು. ಸುಜಾತ ಅವಸರ ಮಾಡಲಿಲ್ಲ. ಎಡಗಡೆಯ ಬೆಂಚಿನಿಂದ ಬಲಗಡೆಯ ಗೋಡೆಯವರೆಗೆ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದಳು. ಒಂದೂ ಕೈ ಮೇಲೇಳಲಿಲ್ಲ.

"ಹಂಗಾದ್ರ ಸಂಜಿಗೆ ಕ್ಲಾಸು" ಎಂದಳು. "ಎಲ್ಲಾ ಹುಡುಗ್ರನ್ನೂ ಕಳಸ್ರಿ."